ಬರೆದು ಕೊಡಿ

ಸರಕಾರಿ ಶಾಲೆಯ ಕಪಾಟಿನಲ್ಲಿರುವಷ್ಟು ಲೆಕ್ಕದ ಪುಸ್ತಕಗಳು ಹಳೆಯ ಕಾಲದ ಶಾನುಭಾಗರ ಮನೆಯಲ್ಲೂ ಇದ್ದಿರಲಿಕ್ಕಿಲ್ಲ. ಹಾಜರಿ ಪುಸ್ತಕ, ಚಲನವಲನ ಪುಸ್ತಕ, ಸೂಚನಾ ಪುಸ್ತಕ, ದಾಸ್ತಾನು ಪುಸ್ತಕ, ಬಿಸಿಯೂಟದ ಅಕ್ಕಿ ಬೇಳೆಯ ಪುಸ್ತಕ. ಕಾಲು ಮುರಿದ ಒಂದು ಬೆಂಚನ್ನು ಹೊರಗೆ ಹಾಕಬೇಕಾದರೂ ನಾಲ್ಕು ಕಡೆ ಬರೆಯಬೇಕು, ಮೂರು ಕಡೆ ಸಹಿ ಬೀಳಬೇಕು. ಒಂದು ಪೆಟ್ಟಿಗೆ ಸೀಮೆಸುಣ್ಣ ಯಾವಾಗ ಬಂತು, ಯಾವಾಗ ಮುಗಿಯಿತು ಎಂದು ಪುಟ ತೆರೆದು ತೋರಿಸಬಲ್ಲೆ. ಆದರೆ ಮೂವತ್ತು ವರ್ಷಕ್ಕೆ ಸಮೀಪಿಸಿದ ನನ್ನ ಸೇವೆಯಲ್ಲಿ ಒಬ್ಬ ನೌಕರರನ್ನು ಹೆಣ್ಣೆಂದೋ, ಜಾತಿಯಲ್ಲಿ ಕಡಿಮೆಯೆಂದೋ, ಕಾಲು ಊನವೆಂದೋ, ಬಸುರಿಯೆಂದೋ ಬದಿಗೆ ಸರಿಸಿದ ಒಂದೇ ಒಂದು ಆಜ್ಞೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಸರಿಸಿದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಮಾಡಿಯೂ ಇದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಸರಕಾರಿ ನೌಕರರಿಗೆ ಕೆಲಸದ ಜಾಗದಲ್ಲಿ ಭೇದಭಾವವೇ ಎಂದು ಹೊರಗಿನವರು ನಗುತ್ತಾರೆ. ಉಪ್ಪಿನಂಗಡಿಯಿಂದ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು, 'ನಿಮಗೆ ಎಂತ ಕಷ್ಟ ಟೀಚರ್, ತಿಂಗಳಾದರೆ ಸಂಬಳ' ಎನ್ನುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಸರಕಾರದ ನೌಕರಿಯಲ್ಲಿ ಎಲ್ಲರಿಗೂ ಸಮಾನ ಅವಕಾಶ, ಧರ್ಮ ಜಾತಿ ಲಿಂಗ ಹುಟ್ಟೂರುಗಳ ಕಾರಣಕ್ಕೆ ಯಾರಿಗೂ ಭೇದ ಮಾಡಬಾರದು ಎಂದು ಸಂವಿಧಾನದ 16ನೇ ವಿಧಿ 1950ರಿಂದಲೂ ಹೇಳುತ್ತಿದೆ. ಕಾನೂನಿನ ಕೊಡೆ ನಮ್ಮ ತಲೆಯ ಮೇಲೆ ಅಗಲವಾಗಿಯೇ ಇದೆ. ಆದರೂ ನಾವು ನೆನೆಯುತ್ತೇವೆ. ಯಾಕೆಂದರೆ ಈ ಮಳೆ ಮೇಲಿನಿಂದ ಬೀಳುವುದಲ್ಲ; ಗಾಳಿಗೆ ಅಡ್ಡಡ್ಡ ಹೊಡೆಯುವ ಇರಿಚಲು.

ಆ ಇರಿಚಲು ಎಂಥದು ಎಂಬುದಕ್ಕೆ ಮೂರು ಸಂಗತಿಗಳನ್ನು ಹೇಳುತ್ತೇನೆ. ಶಾಲೆಗಳ ಹೆಸರು ಬೇಡ. ಹೆಸರು ಹೇಳಿದರೆ ಓದುಗರು, 'ಓ, ಅದು ಆ ಶಾಲೆಯ ಕಥೆಯಾ' ಎಂದು ಸಮಾಧಾನಪಟ್ಟುಕೊಂಡಾರು.

ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ನಿವೃತ್ತರಾದರು. ಹೊಸಬರು ಬರುವ ತನಕ ಹಿರಿಯರಿಗೆ ಪ್ರಭಾರ ಕೊಡಬೇಕು. ಸೇವಾ ಹಿರಿತನದಲ್ಲಿ ಮೊದಲಿದ್ದವರು ಒಬ್ಬ ಟೀಚರ್. ಅವರನ್ನು ಯಾರೂ ಬೇಡವೆನ್ನಲಿಲ್ಲ. ಬದಲಿಗೆ ಬಹಳ ಪ್ರೀತಿಯಿಂದ, 'ನಿಮಗೆ ಯಾಕೆ ಸುಮ್ಮನೆ ತಲೆಬಿಸಿ? ಮೀಟಿಂಗು, ಕಟ್ಟಡದ ಬಿಲ್ಲು, ಕಂಟ್ರಾಕ್ಟರು, ಇದೆಲ್ಲ ಹೆಂಗಸರಿಗೆ ಹೇಳಿದ್ದಲ್ಲ. ನೀವೇ ಬೇಡ ಅಂತ ಒಂದು ಬರೆದುಕೊಡಿ, ಆಯ್ತು' ಎಂದರು. ಅವರು ಬರೆದುಕೊಟ್ಟರು. ಅವರ ನಂತರದ ಮಾಸ್ತರರು ಆ ಕುರ್ಚಿಯಲ್ಲಿ ಮೂರು ವರ್ಷ ಕುಳಿತರು. ಟೀಚರ್ ಆ ಮೂರು ವರ್ಷವೂ ಆಗಸ್ಟ್ 15ಕ್ಕೆ ಅತಿಥಿಗಳಿಗೆ ಕೊಡುವ ಹೂಗುಚ್ಛವನ್ನು ಕಟ್ಟಿದರು, ಚಹಾಕ್ಕೆ ಸಕ್ಕರೆ ಸಾಕೋ ಎಂದು ನೋಡಿಕೊಂಡರು.

ಇನ್ನೊಂದು ಶಾಲೆಯಲ್ಲಿ ಡಿ ದರ್ಜೆಯ ನೌಕರರು ಇಬ್ಬರಿದ್ದರು. ಒಂದೇ ಹುದ್ದೆ, ಒಂದೇ ಸಂಬಳ. ಒಬ್ಬರು ಗಂಟೆ ಬಾರಿಸುತ್ತಿದ್ದರು, ಟಪಾಲು ತರುತ್ತಿದ್ದರು, ನೀರು ಕೊಡುತ್ತಿದ್ದರು. ಇನ್ನೊಬ್ಬರು ಮಕ್ಕಳ ಶೌಚಾಲಯ ತೊಳೆಯುತ್ತಿದ್ದರು. ಹೀಗೆ ಕೆಲಸ ಹಂಚಿದವರು ಯಾರು ಎಂದು ಕೇಳಿದರೆ ಯಾರೂ ಅಲ್ಲ. ಅದು ಮೊದಲಿನಿಂದಲೂ ಹಾಗೆಯೇ. ಎರಡನೆಯವರ ಜಾತಿ ಯಾವುದೆಂದು ನಾನು ಬರೆಯಬೇಕಾಗಿಲ್ಲ, ಓದುವವರಿಗೆ ಆಗಲೇ ಗೊತ್ತಾಗಿದೆ. ಹಾಗೆ ಹೇಳದೆಯೇ ಗೊತ್ತಾಗುವುದೇ ನಮ್ಮ ರೋಗ. ಮೊದಲನೆಯವರು ರಜೆ ಹಾಕಿದ ದಿನ ಇವರು ಕೊಡ ಹಿಡಿದರೆ ನಮ್ಮ ಕೊಠಡಿಯಲ್ಲಿ ಕೆಲವರಿಗೆ ಬಾಯಾರಿಕೆಯೇ ಆಗುತ್ತಿರಲಿಲ್ಲ.

ಮೂರನೆಯದು, ಪೋಲಿಯೋದಿಂದ ಒಂದು ಕಾಲು ಸೋತಿದ್ದ ಸಹೋದ್ಯೋಗಿಯದು. ಅವರ ತರಗತಿಗಳೆಲ್ಲ ಮಾಳಿಗೆಯ ಮೇಲೆ. ವೇಳಾಪಟ್ಟಿ ಮಾಡುವಾಗ ಕೆಳಗಿನ ಕೋಣೆ ಕೇಳಿದ್ದಕ್ಕೆ, 'ಸಂಬಳ ಎಲ್ಲರಿಗೂ ಒಂದೇ ಅಲ್ಲವಾ' ಎಂದು ನಗುತ್ತಲೇ ಹೇಳಿದರು. ಅವರೂ ನಕ್ಕರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರತಿಯೊಂದು ಸರಕಾರಿ ಸಂಸ್ಥೆಯೂ ಅಂಥ ನೌಕರರಿಗೆ ಬೇಕಾದ ಯುಕ್ತ ಅನುಕೂಲ ಮಾಡಿಕೊಡಲೇಬೇಕು ಎನ್ನುತ್ತದೆ. ಕೆಳಗಿನ ಕೋಣೆ ಕೊಡುವುದಕ್ಕೆ ಒಂದು ರೂಪಾಯಿ ಖರ್ಚಿರಲಿಲ್ಲ. ಆದರೆ ಅವರು ಕೇಳಿದ್ದು ಬಾಯಲ್ಲಿ, ಇಲ್ಲವೆಂದದ್ದೂ ಬಾಯಲ್ಲಿ. ಕೇಳಿದ್ದಕ್ಕೂ ದಾಖಲೆಯಿಲ್ಲ, ನಿರಾಕರಿಸಿದ್ದಕ್ಕೂ ದಾಖಲೆಯಿಲ್ಲ.

ಈ ಮೂರರಲ್ಲೂ ಸಮಾನವಾದದ್ದು ಏನೆಂದು ಗಮನಿಸಿ. ಗದರಿಕೆಯಿಲ್ಲ, ಬೈಗಳಿಲ್ಲ. 'ಹೊಂದಾಣಿಕೆ', 'ಅನುಕೂಲ', 'ನಮ್ಮ ಮನೆಯ ಹಾಗೆ' ಎಂಬ ಒಳ್ಳೊಳ್ಳೆಯ ಮಾತುಗಳಿವೆ. ಇಲ್ಲದಿರುವುದು ಒಂದೇ, ಕೊಟ್ಟವರ ಸಹಿ. ಒಂದು ಕಡೆ ಸಹಿ ಬಿದ್ದಿದೆ ನಿಜ, ಅದು ಕಳೆದುಕೊಂಡವರದ್ದು.

ಹಿಂದೆ ಹೀಗಿರಲಿಲ್ಲ. ಹಿಂದಿನ ಸರಕಾರಗಳು ಭೇದಭಾವವನ್ನು ಧೈರ್ಯವಾಗಿ ನಿಯಮದ ಪುಸ್ತಕದಲ್ಲೇ ಅಚ್ಚು ಹಾಕಿಸುತ್ತಿದ್ದವು. ನಮ್ಮೂರಿನಿಂದ ಪುತ್ತೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಮಡಿಕೇರಿ, ಅಲ್ಲಿಂದ ಮುಂದೆ ವಿರಾಜಪೇಟೆ. ಆ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಹೆಣ್ಣುಮಗಳು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಅವರಿಂದ ಬರೆಸಿಕೊಂಡೇ ಕೆಲಸಕ್ಕೆ ಸೇರಿಸಿಕೊಂಡರು. 1961ರ ಸೇವಾ ನಿಯಮಗಳು ಇನ್ನೂ ಸ್ಪಷ್ಟವಾಗಿದ್ದವು. ಮಹಿಳಾ ಅಧಿಕಾರಿ ಮದುವೆಗೆ ಮೊದಲು ಸರಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯ ನಂತರ ಮನೆವಾರ್ತೆ ಕೆಲಸಕ್ಕೆ ಅಡ್ಡಿಯೆಂದು ಸರಕಾರಕ್ಕೆ ತೋರಿದರೆ ಯಾವಾಗ ಬೇಕಾದರೂ ಅವರಿಂದ ರಾಜೀನಾಮೆ ಕೇಳಬಹುದು. ಗಂಡಸರಿಗೆ ಇಂಥ ನಿಯಮವಿಲ್ಲ. ಅವರಿಗೆ ಮನೆವಾರ್ತೆಯೇ ಇಲ್ಲವೆಂದು ಸರಕಾರದ ತಿಳುವಳಿಕೆಯಾಗಿತ್ತೇನೋ.

ಮುತ್ತಮ್ಮ 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಮುಂದಿನ ದರ್ಜೆಯ ಬಡ್ತಿಯಲ್ಲಿ ಅವರನ್ನು ಬಿಟ್ಟು ಕಿರಿಯರನ್ನು ಮೇಲೇರಿಸಿದಾಗ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸರಕಾರ ಅವರಿಗೆ ಬಡ್ತಿ ಕೊಟ್ಟಿತು. ವಿವಾಹಿತೆಯರ ನೇಮಕಕ್ಕೆ ಅಡ್ಡಿಯಾಗಿದ್ದ ನಿಯಮವನ್ನು ಆಗಲೇ ತೆಗೆದಿದ್ದೇವೆ, ಮದುವೆಯ ಅನುಮತಿಯ ನಿಯಮವನ್ನೂ ತೆಗೆಯುತ್ತಿದ್ದೇವೆ ಎಂದು ಕೋರ್ಟಿನ ಮುಂದೆ ಒಪ್ಪಿಕೊಳ್ಳಬೇಕಾಯಿತು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ, ಬಡ್ತಿ ಸಿಕ್ಕಿದ್ದರಿಂದ ಅರ್ಜಿಯನ್ನು ಮುಗಿಸಿದರೂ, ಸುಮ್ಮನೆ ಬಿಡಲಿಲ್ಲ. ಸಂಸಾರ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕೆಲಸಕ್ಕೂ ಅಡ್ಡಿಯಾಗಬಹುದಲ್ಲ ಎಂಬ, ನಮ್ಮ ಅಡುಗೆಮನೆಯಲ್ಲಿ ಯಾರಿಗೂ ಹೊಳೆಯುವ ಪ್ರಶ್ನೆಯನ್ನು ತೀರ್ಪಿನಲ್ಲಿ ಎತ್ತಿತು. ಹೆಣ್ಣನ್ನು ಕೀಳಾಗಿ ಕಾಣುವ ಕಲೆ ಉಳಿಯದಂತೆ ಸೇವಾ ನಿಯಮಗಳನ್ನೆಲ್ಲ ಸರಿಮಾಡಿ ಎಂದು ಸರಕಾರಕ್ಕೆ ಹೇಳಿತು.

ಬೆಳಗಾವಿ ಜಿಲ್ಲೆಯ ಇನ್ನೊಬ್ಬ ಮಗಳ ಮಾತೂ ಇಂಥದೇ. ಸೇವೆಯಲ್ಲಿದ್ದ ತಂದೆ ತೀರಿಕೊಂಡಾಗ ಅನುಕಂಪದ ನೌಕರಿ ಕೇಳಿದರೆ, ಮದುವೆಯಾಗಿದೆ, ಕೊಡಲಾಗದು ಎಂದರು. 1996ರ ನಿಯಮದಲ್ಲಿ ಮಗನಿಗೆ ಬರೀ 'ಮಗ' ಎಂದಿತ್ತು, ಮಗಳಿಗೆ ಮಾತ್ರ 'ಅವಿವಾಹಿತ' ಎಂಬ ಮಾತು ಅಂಟಿಕೊಂಡಿತ್ತು. 2020ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಆ ಮಾತನ್ನು ಹೊಡೆದುಹಾಕಿತು. 2021ರಲ್ಲಿ ಸರಕಾರ ನಿಯಮವನ್ನೇ ತಿದ್ದಿತು. ಮದುವೆಯಾದ ಮಾತ್ರಕ್ಕೆ ಮಗಳು ಮಗಳಲ್ಲದೆ ಹೋಗುವುದಿಲ್ಲ ಎಂದು ಸಾಬೀತು ಮಾಡಲು ಇಪ್ಪತ್ತೈದು ವರ್ಷ ಬೇಕಾಯಿತು.

ನನ್ನ ವಾದ ಇಷ್ಟೇ. ಈ ಎರಡು ಕಡೆಯೂ ಅನ್ಯಾಯ ಕಾಗದದ ಮೇಲಿತ್ತು, ಆದ್ದರಿಂದ ಸೋತಿತು. ಅಚ್ಚಾದ ಅನ್ಯಾಯವನ್ನು ವಕೀಲರು ಬೆರಳಿಟ್ಟು ತೋರಿಸಬಹುದು, ನ್ಯಾಯಾಧೀಶರು ಗೀಟು ಹಾಕಿ ಹೊಡೆಯಬಹುದು. ಸೋತ ಅನ್ಯಾಯ ಬುದ್ಧಿ ಕಲಿಯಿತು. ಅದು ಕಾಗದ ಬಿಟ್ಟು ಬಾಯಿಗೆ ಬಂತು. ಇವತ್ತು ಯಾವ ಕಚೇರಿಯ ಯಾವ ಆದೇಶವನ್ನು ತೆರೆದು ನೋಡಿ, ಎಲ್ಲರೂ ಸಮಾನರು. ಕಿಟಕಿಯ ಬಳಿ ಕರೆದು ಮೆಲ್ಲನೆ ಹೇಳುವ ಮಾತಿನಲ್ಲಿ ಮಾತ್ರ ಯಾರೂ ಸಮಾನರಲ್ಲ. ನಮಗೆ ಶಿಕ್ಷೆ ಕೊಡಬೇಕಾದಾಗ ಕಾಗದಕ್ಕೆ ಬರವಿಲ್ಲ ಎಂಬುದನ್ನೂ ನೋಡಿ. ಹತ್ತು ನಿಮಿಷ ತಡವಾದರೆ ಕಾರಣ ಕೇಳಿ ನೋಟೀಸು ಬರುತ್ತದೆ, ಅದಕ್ಕೆ ನಂಬರು, ದಿನಾಂಕ ಎಲ್ಲ ಇರುತ್ತದೆ. ನಮ್ಮ ಪಾಲಿನದನ್ನು ತಪ್ಪಿಸುವಾಗ ಮಾತ್ರ ಕಚೇರಿಯ ಪೆನ್ನಿನಲ್ಲಿ ಶಾಯಿ ಮುಗಿದಿರುತ್ತದೆ.

ಉಪ್ಪಿನಂಗಡಿಯಲ್ಲಿರುವವರಿಗೆ ಅಳತೆಯ ಬೆಲೆ ಗೊತ್ತಿರಬೇಕು. ಇಲ್ಲಿ ನೇತ್ರಾವತಿಯೂ ಕುಮಾರಧಾರೆಯೂ ಸೇರುತ್ತವೆ. ಆಟಿಯ ಮಳೆಗೆ ಎರಡೂ ತುಂಬಿ ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರು ನೀರು ಒಂದಾದರೆ ಸಂಗಮವಾಯಿತೆಂದು ಊರವರು ಪೂಜೆಗೆ ಸೇರುತ್ತಾರೆ. 1974ರ ನೆರೆಯನ್ನು ಕಂಡ ಹಿರಿಯರಲ್ಲಿ ಒಬ್ಬರು ನೀರು ಸೊಂಟದವರೆಗೆ ಇತ್ತೆಂದರೆ ಇನ್ನೊಬ್ಬರು ಕುತ್ತಿಗೆಯವರೆಗೆ ಎನ್ನುತ್ತಾರೆ, ಮೂರನೆಯವರು ಜಗಳಕ್ಕೇ ಬರುತ್ತಾರೆ. ಆದರೆ ಮಾಪಕದ ಗುರುತು ನೋಡಿ ಹೇಳಿದ ನೀರಿನ ಮಟ್ಟಕ್ಕೆ ಯಾರ ತಕರಾರೂ ಇಲ್ಲ. ನೆನಪಿಗೆ ನೆನಪು ಎದುರಾದರೆ ಗೆಲ್ಲುವುದು ದೊಡ್ಡ ಗಂಟಲು. ಕಚೇರಿಯಲ್ಲಿ ದೊಡ್ಡ ಗಂಟಲು ಯಾರದ್ದೆಂದು ಹೇಳಬೇಕೆ?

ಬಾಯಿಮಾತಿನ ಆಜ್ಞೆಯ ಅಪಾಯವನ್ನು ನಮಗಿಂತ ಎಷ್ಟೋ ಮೇಲಿನವರೂ ಕಂಡಿದ್ದಾರೆ. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿಯಾಗಿದ್ದ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತು ಇತರ ನಿವೃತ್ತ ಅಧಿಕಾರಿಗಳು ಹೂಡಿದ ಮೊಕದ್ದಮೆಯಲ್ಲಿ, 2013ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಧಿಕಾರಿಗಳು ಬಾಯಿಮಾತಿನ ಸೂಚನೆಯ ಮೇಲೆ ನಡೆಯಬಾರದು, ಅಂಥ ಸೂಚನೆಯನ್ನು ಬರೆದಿಡಬೇಕು ಎಂದು ಹೇಳಿತು. ದೆಹಲಿಯ ಐಎಎಸ್‌ನವರಿಗೇ ಬರಹದ ರಕ್ಷಣೆ ಬೇಕಾದರೆ ಹಳ್ಳಿಶಾಲೆಯ ಶೌಚಾಲಯ ತೊಳೆಯುವವರಿಗೆ ಬೇಡವೇ?

ಲೈಂಗಿಕ ಕಿರುಕುಳದ ವಿಷಯದಲ್ಲೂ ಕಾನೂನು ಕೇಳುವುದು ಬರಹವನ್ನೇ. ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಸರಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಕಾರ್ಯಕರ್ತೆಯಾಗಿದ್ದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅತ್ಯಾಚಾರಕ್ಕೆ ಒಳಗಾದರು. ಅದರ ಬೆನ್ನಿಗೆ ಹೂಡಿದ ಮೊಕದ್ದಮೆಯಿಂದ 1997ರ ವಿಶಾಖಾ ತೀರ್ಪು ಬಂತು, ಕೊನೆಗೆ 2013ರ ಕಾಯ್ದೆಯೂ ಬಂತು. ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಆಂತರಿಕ ಸಮಿತಿ. ಕಡಿಮೆ ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿ. ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಬರೆಯಲಾಗದವರಿಗೆ ಬರೆಯಲು ಸಮಿತಿಯೇ ನೆರವಾಗಬೇಕು. ಏಳೆಂಟು ಮಂದಿಯ ನಮ್ಮ ಶಾಲೆಗಳ ಹೆಣ್ಣುಮಕ್ಕಳಿಗೆ ತಮ್ಮ ದೂರು ಹೋಗಬೇಕಾದದ್ದು ಜಿಲ್ಲೆಯ ಸಮಿತಿಗೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಗೊತ್ತಾಗುವಷ್ಟರಲ್ಲಿ ಮೂರು ತಿಂಗಳು ಕಳೆದಿರುತ್ತದೆ.

ಈಗ ನನ್ನ ತಪ್ಪನ್ನು ಹೇಳಬೇಕು.

ಹತ್ತು ವರ್ಷಕ್ಕೂ ಹಿಂದಿನ ಮಾತು. ನಾನು ಕೆಲವು ತಿಂಗಳು ಒಂದು ಶಾಲೆಯ ಪ್ರಭಾರದಲ್ಲಿದ್ದೆ. ಅಲ್ಲಿ ಒಬ್ಬಳು ಹುಡುಗಿ ಅತಿಥಿ ಶಿಕ್ಷಕಿಯಾಗಿದ್ದಳು. ಗೌರವಧನ ಎಂಬ ದೊಡ್ಡ ಹೆಸರಿನ ಚಿಕ್ಕ ಮೊತ್ತಕ್ಕೆ ನಮ್ಮಷ್ಟೇ ಪಾಠ ಮಾಡುತ್ತಿದ್ದಳು. ಚೆನ್ನಾಗಿಯೂ ಮಾಡುತ್ತಿದ್ದಳು. ಅವಳಿಗೆ ಏಳು ತಿಂಗಳಾದಾಗ ನಾನೇ ಹತ್ತಿರ ಕರೆದು, 'ಮಗಾ, ಈ ಮಳೆಗಾಲದಲ್ಲಿ ಬಸ್ಸಲ್ಲಿ ನಿಂತುಕೊಂಡು ಬರುವುದು ಬೇಡ. ಆರಾಮಾಗಿ ಹೆರಿಗೆ ಮುಗಿಸಿ ಬಾ. ಆಮೇಲೆ ನೋಡುವ' ಎಂದೆ. ಅವಳ ಕಣ್ಣಲ್ಲಿ ನೀರು ತುಂಬಿತು. ನನ್ನ ಪ್ರೀತಿಗೆ ತುಂಬಿದ್ದೆಂದು ನಾನು ತಿಳಿದೆ. ಅವಳ ಜಾಗಕ್ಕೆ ಇನ್ನೊಬ್ಬರು ಬಂದರು. ಕಡತದಲ್ಲಿ ನಾನು ನನ್ನ ದುಂಡಗಿನ ಅಕ್ಷರದಲ್ಲಿ 'ಸ್ವಇಚ್ಛೆಯಿಂದ ಕೆಲಸ ಬಿಟ್ಟಿರುತ್ತಾರೆ' ಎಂದು ಬರೆದು ಸಹಿ ಹಾಕಿದೆ. ಆಮೇಲೆ ನೋಡುವ ಎಂದ ನಾನು ಆಮೇಲೆ ನೋಡಲೇ ಇಲ್ಲ. ವರ್ಷವೊಂದು ಕಳೆದ ಮೇಲೆ ಪುತ್ತೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಅವಳು ಸೀರೆ ಬಿಡಿಸಿ ತೋರಿಸುತ್ತಿದ್ದುದನ್ನು ಕಂಡೆ. 'ಟೀಚರ್, ಚೆನ್ನಾಗಿದ್ದೀರಾ?' ಎಂದು ನಕ್ಕಳು. ಸಿಟ್ಟು ಮಾಡಿದ್ದರೆ ಸುಲಭವಾಗುತ್ತಿತ್ತು.

ದಿನಗೂಲಿಯ ಹೆಂಗಸರಿಗೂ ಹೆರಿಗೆಯ ಸೌಲಭ್ಯ ತಪ್ಪಿಸುವಂತಿಲ್ಲ ಎಂದು ದೆಹಲಿಯ ನಗರಪಾಲಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2000ದಲ್ಲೇ ಹೇಳಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತು. ಎರಡು ಹೆರಿಗೆಗೆ ಪೂರ್ಣ ಸಂಬಳದಲ್ಲಿ ರಜೆ ಪಡೆದ ನಾನು ಅವಳಿಗೆ ಏನು ಸಿಗಬೇಕೆಂದು ಒಂದು ಪತ್ರ ಬರೆದು ಮೇಲಿನವರನ್ನು ಕೇಳಬಹುದಾಗಿತ್ತು. ಅವರು ಇಲ್ಲವೆಂದಿದ್ದರೆ ಆ ಇಲ್ಲವಾದರೂ ಕಾಗದದಲ್ಲಿ ಇರುತ್ತಿತ್ತು. ಅದನ್ನು ಹಿಡಿದುಕೊಂಡು ಅವಳು ಯಾರನ್ನಾದರೂ ಕೇಳಬಹುದಾಗಿತ್ತು. ನಾನು ಅವಳಿಗೆ ಕೆಲಸ ತಪ್ಪಿಸಿದೆ. ಅದಕ್ಕಿಂತ ಹೆಚ್ಚಾಗಿ, ಕೆಲಸ ತಪ್ಪಿದ್ದರ ಗುರುತನ್ನೂ ಅಳಿಸಿದೆ.

ಹಾಗಾದರೆ ಬರಹವೂ ಸುಳ್ಳು ಹೇಳುತ್ತದಲ್ಲ ಎಂದು ಕೇಳಬಹುದು. ಹೇಳುತ್ತದೆ, ನಾನೇ ಸಾಕ್ಷಿ. ಆದರೆ ಬರೆದ ಸುಳ್ಳಿಗೆ ಬರೆದವಳ ಸಹಿ ಇರುತ್ತದೆ. ಇವತ್ತು ಯಾರಾದರೂ ಆ ಕಡತ ತೆರೆದರೆ ಸುಳ್ಳು ಯಾರದ್ದೆಂದು ತಿಳಿಯುತ್ತದೆ. ಅದಕ್ಕಾಗಿಯೇ ನಾನು ಹೇಳುವುದು, ನೊಂದವರ ಕೈಬರಹವೂ ಅದೇ ಕಡತದಲ್ಲಿ ಇರಬೇಕು. ಪ್ರಭಾರ ಬೇಡವೆಂದು ಬರೆಸಿಕೊಂಡ ಟೀಚರ್, 'ಹೀಗೆ ಬರೆಯಲು ನನಗೆ ಹೇಳಲಾಗಿದೆ' ಎಂದು ಒಂದು ಸಾಲು ಸೇರಿಸಿದ್ದರೆ ಕಥೆ ಬೇರೆಯಾಗುತ್ತಿತ್ತು.

ಹೀಗೆಲ್ಲ ಬರೆಯುತ್ತ ಕೂತರೆ ಮನೆಯಂತಿದ್ದ ಶಾಲೆ ಕೋರ್ಟಾಗುತ್ತದೆ ಎಂಬ ಆಕ್ಷೇಪವನ್ನೂ ಕೇಳಿದ್ದೇನೆ. ಹೇಳಿದವರು ಯಾವಾಗಲೂ ಆ ಮನೆಯ ಚಾವಡಿಯಲ್ಲಿ ಕುಳಿತವರೇ. ಅಡುಗೆ ಕೋಣೆಯಲ್ಲಿರುವವರು, ಅಂಗಳ ಗುಡಿಸುವವರು ಶಾಲೆ ಮನೆಯಂತಿದೆ ಎಂದು ಹೊಗಳಿದ್ದನ್ನು ನಾನು ಕೇಳಿಲ್ಲ.

ಬರಹದಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ವರ್ಗಾವಣೆಯನ್ನೇ ನೋಡಿ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ವರ್ಗಾವಣೆಯೆಂದರೆ ಶಿಫಾರಸು. ಯಾರ ಮನೆಯ ಜಗಲಿಯಲ್ಲಿ ಯಾರು ಎಷ್ಟು ಹೊತ್ತು ಕುಳಿತರು ಎಂಬುದರ ಮೇಲೆ ನಮ್ಮ ಊರು ತೀರ್ಮಾನವಾಗುತ್ತಿತ್ತು. ಹೆಂಗಸರಿಗೆ ಆ ಜಗಲಿಗೆ ಹೋಗಲು ಜೊತೆಗೊಬ್ಬ ಗಂಡಸು ಬೇಕಿತ್ತು. 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ಬಂತು, 2020ರಲ್ಲಿ ಹೊಸ ಕಾಯ್ದೆ ಬಂತು. ಪಟ್ಟಿ, ಆದ್ಯತೆ, ಕೌನ್ಸೆಲಿಂಗ್ ಎಲ್ಲ ಕಣ್ಣೆದುರು. ಅದರಲ್ಲೂ ಗೋಜಲುಗಳಿವೆ, ನನಗೂ ದೂರುಗಳಿವೆ. ಆದರೆ ನನ್ನ ಹೆಸರಿಗಿಂತ ಮೇಲೆ ಯಾರ ಹೆಸರಿದೆ, ಯಾಕೆ ಇದೆ ಎಂದು ಕೇಳುವ ಹಕ್ಕು ನನಗಿದೆ, ಉತ್ತರ ಕೊಡುವ ಹೊಣೆ ಅವರಿಗಿದೆ. ಜಗಲಿಯಿಂದ ಪಟ್ಟಿಗೆ ಬಂದದ್ದು ಸಣ್ಣ ಪ್ರಯಾಣವಲ್ಲ.

ಅದೇ ಪ್ರಯಾಣ ಶಾಲೆಯ ಒಳಗೂ ಆಗಲಿ. ಪ್ರಭಾರ ಯಾರಿಗೆ, ಯಾಕೆ ಎಂದು ಸೂಚನಾ ಪುಸ್ತಕದಲ್ಲಿ ಬರೆಯಲಿ. ಡಿ ದರ್ಜೆಯವರ ಕೆಲಸದ ಸರದಿ ಗೋಡೆಯ ಮೇಲೆ ತೂಗಲಿ. ಪೊರಕೆಯೂ ಗಂಟೆಯೂ ವಾರವಾರ ಕೈ ಬದಲಾಯಿಸಲಿ. ಕೆಳಗಿನ ಕೋಣೆ ಕೊಡಲಾಗದಿದ್ದರೆ ಯಾಕೆ ಆಗದು ಎಂದು ಎರಡು ಸಾಲು ಬರೆಯಲಿ. ಬರೆಯಲು ಹೊರಟಾಗಲೇ ಎಷ್ಟೋ ಮಂದಿಗೆ ತಾವು ಹೇಳಿದ್ದು ಬರೆಯುವಂಥದ್ದಲ್ಲ ಎಂದು ಹೊಳೆಯುತ್ತದೆ.

ಹೊಳೆದದ್ದನ್ನು ನಾನೊಮ್ಮೆ ನೋಡಿದ್ದೇನೆ. ನೋಡಿದ್ದೇನೆ ಎನ್ನುವುದಕ್ಕಿಂತ ಕೇಳಿದ್ದೇನೆ. ಎರಡು ವರ್ಷದ ಹಿಂದೆ ನಮ್ಮಲ್ಲಿ ಒಬ್ಬ ಟೀಚರ್ ಹೆರಿಗೆ ರಜೆ ಮುಗಿಸಿ, 2021ರಿಂದ ಸಿಗುತ್ತಿರುವ ಶಿಶುಪಾಲನಾ ರಜೆಯಲ್ಲೂ ಒಂದಷ್ಟನ್ನು ಬಳಸಿ ಕೆಲಸಕ್ಕೆ ಮರಳಿದ್ದರು. ಆ ದಿನ ಮುಖ್ಯ ಶಿಕ್ಷಕರು ರಜೆಯಲ್ಲಿದ್ದು ನಾನು ಅವರ ಕುರ್ಚಿಯಲ್ಲಿದ್ದೆ. ಮೇಲಿನಿಂದ ದೂರವಾಣಿ ಬಂತು. ದಿನಕ್ಕೆ ಎರಡೇ ಬಸ್ಸಿರುವ ಒಂದು ಶಾಲೆಗೆ ಆ ಟೀಚರನ್ನು ನಿಯೋಜನೆಯ ಮೇಲೆ ಕಳಿಸಿಬಿಡಿ, ಸಣ್ಣ ಮಗುವಿರುವವರಿಗೆ ಹೇಗೂ ಪಾಠದ ಮೇಲೆ ಗಮನವಿರುವುದಿಲ್ಲ, ಇಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಕೆಡುವುದು ಬೇಡ ಎಂದರು. ನನ್ನ ಕಣ್ಣ ಮುಂದೆ ಪುತ್ತೂರಿನ ಬಟ್ಟೆ ಅಂಗಡಿ ಬಂತು.

'ಆಗಲಿ ಸಾರ್. ಈಗ ಹೇಳಿದ್ದನ್ನು, ಕಾರಣ ಸಮೇತ, ಬರೆದು ಕೊಡಿ' ಎಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಫ್ಯಾನು ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ, 'ಕಳಿಸ್ತೇನೆ' ಎಂದರು.

ಟೀಚರ್ ಈಗಲೂ ನಮ್ಮಲ್ಲೇ ಪಾಠ ಮಾಡುತ್ತಿದ್ದಾರೆ. ಕಾಗದ ಇನ್ನೂ ಬಂದಿಲ್ಲ.